ನೆಮ್ಮದಿ ನಾಪತ್ತೆ: ಚಪ್ಪಾಳೆಗೆ ಬಿಟ್ಟ ಜಾಗ

ಸ್ಟೀಲ್ ಲೋಟ ಗೋಡೆಗೆ ಬಡಿದು, ಟೀಪಾಯಿಯ ಮೇಲೆ ಒಮ್ಮೆ ಕುಣಿದು, ಉರುಳಿಕೊಂಡು ಬಂದು ಪತ್ತೇದಾರಿಣಿ ಅಂಜನಾಳ ಕಾಲ ಬಳಿ ನಿಂತಿತು.

"ಹುಡುಕಿಕೊಡಿ ಅಂದೆ ಕಣಮ್ಮಾ, ಸಮಾಧಾನ ಮಾಡಿ ಅನ್ಲಿಲ್ಲ!" ಶಿವಬಸಮ್ಮ ಗುಡುಗಿದರು. "ಆ ಮನುಷ್ಯ ಬಂದು ನನ್ನೆದುರಿಗೆ ಕೂತ್ಕೋಬೇಕು. ನಾನಿನ್ನೂ ಬೈದು ಮುಗ್ಸಿಲ್ಲ. ಅರ್ಧಕ್ಕೇ ಎದ್ದು ಹೋಗಿದಾರೆ!"

ಲೋಟದಲ್ಲಿದ್ದ ಶುಂಠಿ ಕಷಾಯ ಗೋಡೆಯ ಮೇಲಿನ ಫೋಟೋಗೆ ಸಿಡಿದಿತ್ತು. ಫೋಟೋದಲ್ಲಿ ಅವರ ಯಜಮಾನರು, ಲೇಖಕ ಸೋಮನಾಥ್, ಗಲ್ಲಕ್ಕೆ ಕೈಕೊಟ್ಟು ಲೋಕದ ಮೇಲೆಲ್ಲ ಕರುಣೆ ಉಕ್ಕಿದವರಂತೆ ನಗುತ್ತಿದ್ದರು. ಕಷಾಯ ಅವರ ಮೀಸೆಯಿಂದ ತೊಟ್ಟಿಕ್ಕಿ ಕೆಳಗಿನ ಅಚ್ಚಕ್ಷರದ ಮೇಲೆ ಇಳಿಯಿತು: ‘ಸಿಟ್ಟು ಬಿಟ್ಟು ನೋಡಿ, ಹಗುರಾಗ್ತೀರಿ.’

ಒಂಬತ್ತು ಪುಸ್ತಕ ಬರೆದು ಕರ್ನಾಟಕದ ಅರ್ಧ ಜನಕ್ಕೆ ಸಿಟ್ಟು ಬಿಡಿಸಿದ ಮನುಷ್ಯ. ಅವರೆಲ್ಲ ಬಿಟ್ಟ ಸಿಟ್ಟನ್ನು ಒಬ್ಬರೇ ಗುತ್ತಿಗೆ ಹಿಡಿದಂತೆ ಈ ಜಯನಗರದ ಮನೆಯಲ್ಲಿ ಅವರ ಹೆಂಡತಿ ನಿಂತಿದ್ದರು.

"ಅಮ್ಮಾ," ಎಂದಿತು ಸೋಫಾದ ಮೂಲೆಯಿಂದ, ಜೇನುತುಪ್ಪದಲ್ಲಿ ಅದ್ದಿ ತೆಗೆದಂಥ ಒಂದು ದನಿ. "ಸಿಟ್ಟು ಅನ್ನೋದು ಬರೀ ಒಂದು ಮೋಡ ಅಮ್ಮಾ. ಸುಮ್ನೆ ನೋಡ್ತಾ ಇರಿ, ಹೋಗ್ಬಿಡುತ್ತೆ. ಉಸಿರು ಒಳಗೆ... ಉಸಿರು ಹೊರಗೆ..."

ಸಮನ್ವಿತಾ. ಸೋಮನಾಥರ ಓದುಗರ ‘ನೆಮ್ಮದಿ ಬಳಗ’ದಿಂದ ಬಂದವಳು. ಯಜಮಾನರು ಮನೆ ಬಿಟ್ಟಂದಿನಿಂದ ಶಿವಬಸಮ್ಮನವರ ಜೊತೆಗಿರಲು ದಿನಾ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾಳೆ. ಕೈಮಗ್ಗದ ಸೀರೆ, ಮಣ್ಣಿನ ಮಣಿಯ ಸರ, ಇಸ್ತ್ರಿ ಮಾಡಿಟ್ಟಂಥ ಮುಗುಳುನಗೆ.

"ಮೋಡ ಅಂದ್ಮೇಲೆ ಸುರೀಲೇಬೇಕಲ್ಲೇ!" ಎಂದರು ಶಿವಬಸಮ್ಮ. "ಸುರೀತಾ ಇದೀನಿ. ಕೊಡೆ ಹಿಡ್ಕೋ!"

ಅಂಜನಾಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳದ್ದೂ ಕುದಿಯುವ ಹೊತ್ತೇ. ಸೋಮನಾಥ್ ‘ಮೌನಕುಟೀರ’ದಲ್ಲಿ ಕೂತು ಹತ್ತನೇ ಪುಸ್ತಕ ಬರೆಯುತ್ತಿದ್ದಾರೆ ಎಂಬ ಬಳಗದವರ ಮಾತು ನಂಬಿ ಅವಳು ಕಳೆದ ವಾರ ತಲಘಟ್ಟಪುರದವರೆಗೆ ಸ್ಕೂಟರ್ ಓಡಿಸಿದ್ದಳು. ಅಲ್ಲಿ ಕುಟೀರವೂ ಇರಲಿಲ್ಲ, ಮೌನವೂ ಇರಲಿಲ್ಲ. ಖಾಲಿ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು.

ಪೊಲೀಸರೂ ಕೈಯೆತ್ತಿದ್ದರು. ಆ ಎಸ್‌ಐ ಹೇಳಿದ್ದನ್ನು ಅಂಜನಾ ಅವನದೇ ತಂಬಾಕು ತುಂಬಿದ ದನಿಯಲ್ಲಿ ಶಿವಬಸಮ್ಮನವರಿಗೆ ಮಾಡಿ ತೋರಿಸಿದ್ದಳು: "ದಿನಾ ಬೆಳಿಗ್ಗೆ ಸಾವ್ರಾರು ಜನಕ್ಕೆ ವಾಯ್ಸ್ ಮೆಸೇಜ್ ಕಳ್ಸೋ ಮನುಷ್ಯನ್ನ ನಾಪತ್ತೆ ಅಂತ ಹೆಂಗ್ ಮೇಡಂ ಬರ್ಕೊಳ್ಳೋದು?"

ಅದೇ ಗಂಟು. ಮನುಷ್ಯ ಇಲ್ಲ, ದನಿ ಇದೆ. ದಿನಾ ಬೆಳಿಗ್ಗೆ ಬಳಗದವರ ಫೋನಿಗೆ ‘ಬೆಳಗಿನ ಗುಟುಕು’ ಬರುತ್ತದೆ. ನಿನ್ನೆಯ ಗುಟುಕಿನಲ್ಲಿ ಸೋಮನಾಥ್, ‘ಭಾನುವಾರ ನನ್ನ ಜೀವನದ ದೊಡ್ಡ ನಿರ್ಧಾರ ತಿಳಿಸುತ್ತೇನೆ’ ಎಂದಿದ್ದರು. ಏನದು ಎಂದು ಪ್ರಕಾಶಕ ಮಹಾಂತೇಶನೇ ಶಿವಬಸಮ್ಮನವರಿಗೆ ಫೋನ್ ಮಾಡಿ ಮೊದಲೇ ಹೇಳಿದ್ದ. ಆಜೀವ ಮೌನ. ಇನ್ನು ಮುಂದೆ ಸರ್ ಯಾರೊಡನೆಯೂ ಮಾತಾಡುವುದಿಲ್ಲ, ಯಾರಿಗೂ ಮುಖ ತೋರಿಸುವುದಿಲ್ಲ.

ಅಂದರೆ ನಾಳೆಯ ನಂತರ ಸೋಮನಾಥ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳಿದವರಿಗೆ ಉತ್ತರ ಬರದಿದ್ದರೆ ಅದೇ ಉತ್ತರವಾಗುತ್ತದೆ. ಇವತ್ತು ಶನಿವಾರ.

"ಆವತ್ತು ಜಗಳ ಯಾಕಾಯ್ತು ಆಂಟಿ? ಇನ್ನೊಂದ್ಸಲ ಹೇಳಿ."

"ಯಾಕಾ? ಒಂಬತ್ತು ಪುಸ್ತಕದಲ್ಲೂ ‘ನನ್ನ ಶ್ರೀಮತಿ’ ಅಂತ ಒಬ್ಳು ಬರ್ತಾಳೆ ನೋಡು. ಸಿಟ್ಟಿನ ಮಾರಿ. ಹಾಲು ಉಕ್ಕಿಸ್ತಾಳೆ, ಬಾಗ್ಲು ಬಡೀತಾಳೆ, ಆಮೇಲೆ ಇವ್ರ ಒಂದು ಮಾತಿಂದ ಹೂವಾಗ್ತಾಳೆ. ಹಾಲು ಉಕ್ಕಿಸಿದ್ದು ಅವ್ರು ಕಣೇ! ಒಲೆ ಮೇಲೆ ಹಾಲಿಟ್ಟು, ಫೋನಲ್ಲಿ ಯಾರಿಗೋ ಏಕಾಗ್ರತೆ ಬಗ್ಗೆ ಉಪದೇಶ ಮಾಡ್ತಾ ನಿಂತಿದ್ರು!" ಶಿವಬಸಮ್ಮ ಉಸಿರು ತೆಗೆದುಕೊಂಡರು. "ಮೂವತ್ತು ವರ್ಷ ಸುಮ್ನಿದ್ದೆ. ಅವತ್ತು ಹೇಳ್ದೆ. ಮುಖ ಬೆಳ್ಳಗಾಯ್ತು. ‘ಹತ್ತನೇದು ಬೇರೆ ಥರ ಬರೀತೀನಿ ಬಸಮ್ಮ, ಒಂಬತ್ತರಲ್ಲೂ ಬರೆದಿದ್ದು ಸುಳ್ಳು ಅಂತ ಬರೀತೀನಿ’ ಅಂದ್ರು. ಮಹಾಂತೇಶನಿಗೆ ಹೇಳಿ ಬರ್ತೀನಿ ಅಂತ ಚಪ್ಪಲಿ ಮೆಟ್ಕೊಂಡು ಹೋದ್ರು. ಅಷ್ಟೇ."

ಅಂಜನಾ ಹಲ್ಲು ಕಚ್ಚಿದಳು. ಸೋಮನಾಥರ ನಾಲ್ಕನೇ ಪುಸ್ತಕ, ‘ಗಂಡ-ಹೆಂಡತಿ ನಡುವೆ ಗಾಳಿಯಾಡಲಿ’, ಅವಳಿಗೆ ಬಾಯಿಪಾಠ ಬರುತ್ತಿತ್ತು. ಅವಳ ಮಾಜಿ ಗಂಡ ಅದನ್ನು ಗೆರೆ ಎಳೆದು ಎಳೆದು ಅವಳಿಗೆ ಓದಿ ಹೇಳುತ್ತಿದ್ದ. ಗಾಳಿಯಾಡಿ ಆಡಿ ಕೊನೆಗೆ ಅವಳೇ ಹಾರಿ ಇಟ್ಟಮಡುವಿನ ಒಂಟಿ ಕೋಣೆಗೆ ಬಂದು ಬಿದ್ದಿದ್ದಳು.

ಮೇಲಿನಿಂದ ದಡ್ ಎಂದು ಸದ್ದಾಯಿತು.

ಶಿವಬಸಮ್ಮ ಜೇಡರ ಬಲೆ ಹೊಡೆಯುವ ಕೋಲು ತೆಗೆದುಕೊಂಡು ಚಾವಣಿಗೆ ಎರಡು ಕುಟ್ಟಿದರು. "ಮಹಾಂತೇಶನ ಹೆಗ್ಗಣ! ಮೇಲಿನ ಮನೆ ತುಂಬಾ ಇವ್ರ ಪುಸ್ತಕ ತುಂಬಿ, ಬೀಗ ಜಡಿದು, ಕೀ ಜೇಬಿಗೆ ಹಾಕ್ಕೊಂಡು ಓಡಾಡ್ತಾನೆ. ಹೆಗ್ಗಣ ಸೇರ್ಕೊಂಡಿದೆ, ಬಂದು ತೆಗಿಯೋ ಅಂತ ಎಷ್ಟ್ ಸಲ ಬೈಯೋದು?"

ಒಂಬತ್ತು ಪುಸ್ತಕ ಓದಿದವರಿಗೆ ಸಿಗದಿದ್ದರೂ ತಿಂದ ಹೆಗ್ಗಣಕ್ಕಾದರೂ ನೆಮ್ಮದಿ ಸಿಕ್ಕಿರಬೇಕು ಎಂದುಕೊಂಡು ಅಂಜನಾ ಇಯರ್‌ಫೋನ್ ಕಿವಿಗೆ ತುರುಕಿಕೊಂಡಳು.

ಶಿವಬಸಮ್ಮನವರ ಫೋನಿನಲ್ಲಿ ಈ ವಾರದ ಗುಟುಕುಗಳಲ್ಲಿ ಮೂರೇ ಉಳಿದಿದ್ದವು. ಮಿಕ್ಕವನ್ನು ಅವರು ಸಿಟ್ಟಿನಲ್ಲಿ ಕೇಳದೆಯೇ ಅಳಿಸಿ ಹಾಕಿದ್ದರು.

ಮೊದಲಿನದು: ‘ಬಿಟ್ಟು ನೋಡಿ, ಹಗುರಾಗ್ತೀರಿ.’ ನಂತರ ಸದ್ದಿಲ್ಲದ ಒಂದು ಕ್ಷಣ, ಖಾಲಿ. ಆಮೇಲೆ ಮುಂದಿನ ವಾಕ್ಯ.

ಎರಡನೆಯದು: ‘ಬಿಟ್ಟು ನೋಡಿ, ಹಗುರಾಗ್ತೀರಿ.’ ಖಾಲಿ.

ಮೂರನೆಯದರಲ್ಲೂ ಅದೇ ಮಾತು, ಅದೇ ಖಾಲಿ.

ಅಂಜನಾ ಕಣ್ಣು ಮುಚ್ಚಿದಳು. ನಂತರ ಯುಟ್ಯೂಬಿನಲ್ಲಿ ಸೋಮನಾಥರ ಹಳೆಯ ಭಾಷಣವೊಂದನ್ನು ಹಚ್ಚಿದಳು. ಅದರಲ್ಲಿ ‘ಹಗುರಾಗ್ತೀರಿ’ ಎಂಬುದು ಇನ್ನೂ ನಾಲಿಗೆಯ ಮೇಲಿರುವಾಗಲೇ ಮುಂದಿನ ವಾಕ್ಯ ನುಗ್ಗಿ ಬರುತ್ತಿತ್ತು. ಆತ ಮೊದಲು ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ಬೆಲ್ ಹೊಡೆಯುವ ಮುಂಚೆ ಪಾಠ ಮುಗಿಸಬೇಕೆಂಬ ಅವಸರ ರಕ್ತದಲ್ಲಿಳಿದಿತ್ತು. ಜನ ಚಪ್ಪಾಳೆ ಹೊಡೆದರೂ ಅದರ ಮೇಲೆಯೇ ಮಾತಾಡಿಕೊಂಡು ಹೋಗುವ ಮನುಷ್ಯ.

ಮತ್ತೆ ಗುಟುಕು ಹಚ್ಚಿದಳು. ‘ಹಗುರಾಗ್ತೀರಿ.’ ಖಾಲಿ.

ಆ ಖಾಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪತ್ತೇದಾರಿಕೆಗೆ ಇಳಿಯುವ ಮುಂಚೆ ಅವಳು ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದಳು. ಗಣೇಶನ ಪೆಂಡಾಲಿನಿಂದ ಪೆಂಡಾಲಿಗೆ, ಕಪ್ಪೆಯಿಂದ ಮಂತ್ರಿಯವರೆಗೆ. ಮಿಮಿಕ್ರಿಯವರು ಹೆಸರಾಂತ ಮಾತೊಂದನ್ನು ಆಡಿದ ತಕ್ಷಣ ನಿಲ್ಲುತ್ತಾರೆ. ಜನ ಗುರುತು ಹಿಡಿದು ಚಪ್ಪಾಳೆ ಹೊಡೆಯಬೇಕು. ಅದಕ್ಕೆ ಜಾಗ ಬಿಡಬೇಕು. ಬಿಟ್ಟು ಬಿಟ್ಟು ಅದು ಮೈಗೇ ಅಂಟಿಕೊಂಡುಬಿಡುತ್ತದೆ. ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ, ಬರೀ ಫೋನಿನ ಮುಂದೆ ಕೂತಿದ್ದರೂ.

ಖಾಲಿಯ ಕೊನೆಯಲ್ಲಿ ಸಣ್ಣದೊಂದು ‘ಚ್’ ಇತ್ತು. ನಾಲಿಗೆ ಅಂಗುಳಕ್ಕೆ ತಾಗಿ ಬಿಡುವ ಸದ್ದು. ಅದೂ ಗೊತ್ತಿತ್ತು. ಆ ‘ಚ್’ನ ಪಕ್ಕದಲ್ಲಿ, ಅದೇ ಮೈಕಿಗೆ, ಅವಳು ವರ್ಷಗಟ್ಟಲೆ ನಿಂತಿದ್ದಳು.

"ಮೇಡಂ, ನೀವೂ ತುಂಬಾ ಬಿಗಿಯಾಗಿದೀರ," ಎಂದಳು ಸಮನ್ವಿತಾ. "ಭುಜ ಸಡಿಲ ಬಿಡಿ. ಸರ್ ದನಿ ಕೇಳಿದ್ರೇನೇ ಅರ್ಧ ಸಿಟ್ಟು ಇಳಿಯುತ್ತೆ ಅಲ್ವಾ?"

ಅಲ್ಲಿಗೆ ಅಂಜನಾಳ ತಾಳ್ಮೆಯ ದಾರ ಹರಿಯಿತು. ಕಿವಿಯಿಂದ ಇಯರ್‌ಫೋನ್ ಕಿತ್ತು ಬಿಸಾಡಿದಳು.

"ಸರ್ ದನಿಯಾ? ಇದು ನಿಮ್ ಸರ್ ದನಿ ಅಲ್ಲ ಕಣ್ರೀ! ಬಾಡಿಗೆ ಗಂಟಲು! ಆರ್ಕೆಸ್ಟ್ರಾ ಮಿಮಿಕ್ರಿ! ಯಾರು ಮಾಡಿದ್ದು ಅಂತಾನೂ ನಂಗೊತ್ತು!"

ಹೇಳಿದ ಮೇಲೆ ಅಂಜನಾಗೆ ಅನಿಸಿತು, ಹೇಳಬಾರದಿತ್ತು. ಇಲ್ಲಿ, ಬಳಗದ ಇವಳೆದುರಿಗೆ, ಖಂಡಿತ ಹೇಳಬಾರದಿತ್ತು.

ಸಮನ್ವಿತಾಳ ಮುಗುಳುನಗೆ ಒಂದು ಎಳೆಯೂ ಕದಲಲಿಲ್ಲ. ಆದರೆ ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ.

ಶಿವಬಸಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ಯಾರವನು? ಎಲ್ಲಿದಾನೆ? ನಡಿ!"

"ನೀವು ಹೋಗ್ಬನ್ನಿ ಅಮ್ಮಾ," ಸಮನ್ವಿತಾಳ ಉಸಿರು ಕೊನೆಗೂ ಹೊರಗೆ ಬಂತು. "ಮನೆ ನಾನು ನೋಡ್ಕೋತೀನಿ."

ಶಿವಬಸಮ್ಮ ಮನೆಯ ಕೀಲಿಕೈಯನ್ನು ಅವಳ ಮಡಿಲಿಗೆ ಎಸೆದು ಮೆಟ್ಟಿಲಿಳಿದರು.

ಈಸ್ಟ್ ಎಂಡ್ ಸಿಗ್ನಲಿನಲ್ಲಿ ಸ್ಕೂಟರ್ ನಿಂತಾಗ ಹಿಂದೆ ಕೂತ ಶಿವಬಸಮ್ಮನವರ ಬಾಯಿ ನಿಂತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಬೈಗುಳ ಪ್ರತಿಧ್ವನಿಸಿ ಎರಡರಷ್ಟಾಗಿ ಹೊರಬರುತ್ತಿತ್ತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿದ.

"ಯಾಕಾಂಟಿ ಇಷ್ಟು ಹೀಟು? ಸಿಟ್ಟು ಬಿಟ್ಟು ನೋಡಿ, ಹಗುರಾಗ್ತೀರಿ!"

ಅವನ ಆಟೋದ ಹಿಂದೆ ಸೋಮನಾಥರ ನಗುಮುಖದ ಸ್ಟಿಕರ್ ಇತ್ತು. ಹಸಿರು ದೀಪ ಬಂದು ಅವನನ್ನು ಕಾಪಾಡಿತು.

ಬಿಟಿಎಂ ಎರಡನೇ ಹಂತದ ಒಳರಸ್ತೆಯಲ್ಲಿ, ಪೀಜಿ ಹಾಸ್ಟೆಲುಗಳ ನಡುವೆ ಸಿಕ್ಕಿಹಾಕಿಕೊಂಡ ಕಟ್ಟಡದ ತಾರಸಿಯ ಮೇಲೆ ಅಂಜನಾಳ ಹಳೆಯ ಆರ್ಕೆಸ್ಟ್ರಾ ಜೊತೆಗಾರ ಚನ್ನವೀರನ ಕೋಣೆ. ಬಾಗಿಲಾಚೆಯಿಂದ ಅವನು ಜಾಹೀರಾತು ಓದುವ ದನಿ ಕೇಳಿಬರುತ್ತಿತ್ತು: "ಉತ್ತರಹಳ್ಳಿಯಲ್ಲಿ ಸುವರ್ಣಾವಕಾಶ! ಸೈಟುಗಳು! ಸೈಟುಗಳು! ಸೈಟುಗಳು!"

ಅಂಜನಾ ಬಾಗಿಲು ತಟ್ಟಿದಳು.

"ಅಯ್ಯ, ಅಂಜನಕ್ಕ!" ಚನ್ನವೀರ ಅರಳಿದ. ತೆಳ್ಳಗಿನ ಮೈ, ದಪ್ಪ ಕನ್ನಡಕ. ಕೋಣೆಯ ಗೋಡೆಗಳಿಗೆಲ್ಲ ಸದ್ದು ಹೀರಲೆಂದು ಹುಬ್ಬಳ್ಳಿಯ ಕಂಬಳಿಗಳನ್ನು ಹೊಡೆದಿದ್ದ. "ಬರ್ರಿ ಬರ್ರಿ. ಎಷ್ಟ್ ದಿನಾತ್ರಿ ನಿಮ್ಮನ್ನ ನೋಡಿ. ಇವ್ರು ಯಾರ‍್ರಿ, ಅಮ್ಮಾರು?"

"ನಮ್ಮ ದೊಡ್ಡಮ್ಮ," ಎಂದಳು ಅಂಜನಾ. ಶಿವಬಸಮ್ಮನವರ ಮೊಣಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು. ದಾರಿಯುದ್ದಕ್ಕೂ ಹೇಳಿಕೊಟ್ಟದ್ದು ಅದೊಂದೇ: ನಾನು ಕೈ ಬಿಡುವವರೆಗೆ ಬಾಯಿ ಬಿಡಬೇಡಿ. "ಚನ್ನಾ, ನಂಗೊಂದು ಶೋ ಬಂದಿದೆ ಕಣೋ. ಸೋಮನಾಥ್ ದನಿ ಬೇಕಂತೆ. ನಿಂಗೆ ಬರುತ್ತಾ?"

ಅವನ ಕಣ್ಣು ಒಂದು ಗಳಿಗೆ ಕಂಬಳಿಯ ಕಡೆ ಓಡಿತು. "ಇಲ್ರಿ ಅಕ್ಕಾ. ನಾ ಯಾವತ್ತೂ ಮಾಡಿಲ್ಲ ಅವ್ರನ್ನ. ಕೇಳಿನೂ ಇಲ್ಲ ಭಾಳ."

"ಹೌದಾ? ಹೋಗ್ಲಿ ಬಿಡು. ನಾನೇ ಮಾಡ್ತೀನಿ, ಹೇಗಿದೆ ಹೇಳು."

ಅಂಜನಾ ಗಂಟಲು ಸರಿಮಾಡಿಕೊಂಡಳು. ಬೇಕೆಂದೇ ಮೂಗಿನಲ್ಲಿ ದನಿ ತೆಗೆದು, ಮಜ್ಜಿಗೆ ಮಾರುವವನಂತೆ ಎಳೆದಳು. "ಸಿಟ್ಟೂ ಬಿಟ್ಟೂ ನೋಡೀಈಈ..."

ಚನ್ನವೀರನ ಮುಖ ಹಿಂಡಿಕೊಂಡಿತು. ನಿಂಬೆಹಣ್ಣು ಕಚ್ಚಿದಂತೆ.

"ಚೆನ್ನಾಗಿಲ್ವಾ?" ಇನ್ನೂ ಕೆಟ್ಟದಾಗಿ, ಇನ್ನೂ ಮೂಗಿನಿಂದ, ಕೊನೆಯಲ್ಲಿ ಒಂದು ಕೆಮ್ಮನ್ನೂ ಸೇರಿಸಿದಳು. "ಹಗೂರಾಗ್ತೀರೀಈಈ, ಅಹೂಂ."

ಅವನು ತುಟಿ ಕಚ್ಚಿದ. ಕೈ ಮುಷ್ಟಿ ಕಟ್ಟಿದ. ಮೂರನೇ ಸಲಕ್ಕೆ ಸಹಿಸಲು ಅವನಿಂದಾಗಲಿಲ್ಲ. ಕೊಲೆ ಮಾಡಿದರೂ ಸುಮ್ಮನಿರುವ ಕಲಾವಿದ ಸಿಕ್ಕಾನು. ಕೆಟ್ಟ ಅನುಕರಣೆ ಕೇಳಿ ಸುಮ್ಮನಿರುವ ಮಿಮಿಕ್ರಿಯವನು ಎಲ್ಲಿಯೂ ಸಿಗುವುದಿಲ್ಲ.

"ಹಂಗ್ಯಾಕ ಕೊಲ್ತೀರಿ ಅಕ್ಕಾ ಅವ್ರನ್ನ! ಸರ್ ಮೂಗಿನ್ಯಾಗ ಮಾತಾಡಂಗಿಲ್ರಿ, ಎದಿಯಿಂದ ಬರ್ತೈತಿ. ಗಲ್ಲ ಒಂಚೂರು ಕೆಳಗ ಹಿಡೀಬೇಕು. ಹಿಂಗ." ಅವನು ಗಲ್ಲ ಇಳಿಸಿದ, ಭುಜ ಹಿಗ್ಗಿಸಿದ. ಆ ತೆಳ್ಳಗಿನ ಮೈಯೊಳಗಿಂದ ಅರವತ್ತು ದಾಟಿದ, ತುಂಬಿದ, ಬೆಚ್ಚಗಿನ ದನಿಯೊಂದು ಎದ್ದು ಬಂತು. "ಸಿಟ್ಟು ಬಿಟ್ಟು ನೋಡಿ, ಹಗುರಾಗ್ತೀರಿ."

ಖಾಲಿ. ಚ್.

ಆ ಖಾಲಿಯಲ್ಲಿ ಅಂಜನಾ ನಿಧಾನವಾಗಿ ಎರಡು ಚಪ್ಪಾಳೆ ತಟ್ಟಿದಳು.

ಚನ್ನವೀರನಿಗೆ ತಾನು ಏನು ಮಾಡಿದೆ ಎಂಬುದು ಆಗ ತಿಳಿಯಿತು.

ಅಂಜನಾ ಶಿವಬಸಮ್ಮನವರ ಮೊಣಕೈ ಬಿಟ್ಟಳು.

ಬೈಗುಳ ತಕ್ಷಣ ಬರಲಿಲ್ಲ. ಅವರು ಆ ಹುಡುಗನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ತಮ್ಮ ಗಂಡನ ದನಿ ಆ ಬಾಯಿಂದ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದರು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಬಾಗಿಲ ಚೌಕಟ್ಟನ್ನು ಹಿಡಿಯಿತು.

ನಂತರ ಬಂತು.

"ನಾಚ್ಕೆ ಆಗಲ್ವೇನೋ! ಒಬ್ರ ದನಿ ಕದ್ದು ತಿನ್ನೋಕೆ! ನಾನು ಬೆಳಿಗ್ಗೆ ಎದ್ದು, ಸದ್ಯ ಎಲ್ಲಾದ್ರೂ ಬದುಕಿದಾರಲ್ಲ, ಸಿಕ್ಕಿದ್ಮೇಲೆ ಬೈದ್ರಾಯ್ತು ಅಂತ ಧೈರ್ಯ ತಂದ್ಕೋತಿದ್ದೆ. ನಿನ್ ಮಾತು ಕೇಳ್ಕೊಂಡು ನಾನು ಧೈರ್ಯ ತಂದ್ಕೋತಿದ್ನೇನೋ? ನೀನೇನೋ ನನ್ ಗಂಡಾ?"

ಚನ್ನವೀರ ಕೈಮುಗಿದ. ಗಾಬರಿಯಲ್ಲಿ ಅವನಿಗೆ ಇನ್ನೂ ಸೋಮನಾಥರ ದನಿಯೇ ಬಾಯಲ್ಲಿತ್ತು. "ತಪ್ಪಾಯ್ತಮ್ಮ, ಕ್ಷಮಿಸಿಬಿಡಿ."

"ಇದೊಂದು ಕಲ್ತಿಲ್ಲ ನೋಡು ನೀನು," ಎಂದರು ಶಿವಬಸಮ್ಮ. "ನಮ್ಮೆಜಮಾನ್ರು ಆ ಮಾತು ಯಾವತ್ತೂ ಅಂದಿಲ್ಲ. ಒಂದ್ಸಲಾನೂ ಅಂದಿಲ್ಲ."

ಅವನು ಕುಸಿದು ಚಾಪೆಯ ಮೇಲೆ ಕೂತ. ತನ್ನ ದನಿಗೆ ಮರಳಿದ.

"ಮಹಾಂತೇಶ ಸರ್ ಬಂದಿದ್ರುರಿ ಅಮ್ಮಾರ. ಸರ್ ಗಂಟಲಕ್ಕ ತ್ರಾಸ ಆಗೇತಿ, ಡಾಕ್ಟ್ರು ಮಾತಾಡಬ್ಯಾಡ್ರಿ ಅಂದಾರ, ಓದೋ ಮಂದಿಗೆ ಬ್ಯಾಸರ ಆಗಬಾರದು, ಅವ್ರು ಆರಾಮ ಆಗೋತನಕ ನೀ ಮಾಡು ಅಂದ್ರು. ಸರ‍್ಗೂ ಗೊತ್ತೈತಿ ಅಂದ್ರು. ಬರೆದಿದ್ದು ಫೋನಿಗೆ ಕಳಸ್ತಾರ, ನಾ ಓದಿ ಕಳಸ್ತೀನಿ. ದೇವರಾಣಿ, ಅಷ್ಟ ಗೊತ್ತು."

"ಸೋಮನಾಥ್ ಅವರನ್ನ ಕಣ್ಣಾರೆ ನೋಡಿದ್ಯಾ?"

"ಇಲ್ರಿ."

"ಅವ್ರು ಬದುಕಿದಾರೆ ಅಂತ ಯಾರು ಹೇಳಿದ್ರು ನಿಂಗೆ?"

ಆ ಪ್ರಶ್ನೆ ಚನ್ನವೀರನ ತಲೆಗೆ ಮೊದಲ ಸಲ ಹೊಕ್ಕಿತ್ತು. ಅಂಜನಾಗೆ ಅವನ ಕಪಾಳಕ್ಕೆ ಒಂದು ಬಿಡಬೇಕೆನಿಸಿತು. ಕೆಟ್ಟವನಲ್ಲ, ಬರೀ ಕೇಳಿದ್ದನ್ನು ಮಾಡಿದವನು. ಸೋಮನಾಥರ ಪುಸ್ತಕಗಳು ಊರ ತುಂಬ ತಯಾರು ಮಾಡಿಟ್ಟಿದ್ದ ಹಗುರ ಮನುಷ್ಯ.

"ಒಟ್ಟು ಎಲ್ಲಾ ಗುಟುಕೂ ನೀನೇ ಮಾಡಿದ್ದು, ಅಲ್ವಾ? ನಾಳೆದೂ ನೀನೇ."

"ನಾಳಿಂದು ಇನ್ನೂ ಮಾಡಿಲ್ರಿ. ಬರೆದದ್ದು ಬಂದೈತಿ, ಸಂಜಿಗೆ ಓದೋಣು ಅಂತ ಇಟ್ಟೀನಿ." ಅವನು ಕನ್ನಡಕ ಒರೆಸಿಕೊಂಡ. "ಬುಧವಾರದ್ದೂ ನಾ ಮಾಡಿಲ್ಲ."

"ಅಂದ್ರೆ?"

"ಹಿಂದಿನ ದಿನ ನನಗ ನೆಗಡಿ ಬಂದು ಧ್ವನಿ ಕಟ್ಟಿತ್ತು. ಆಗಂಗಿಲ್ಲ ಅಂತ ಹೇಳಿಬಿಟ್ಟೆ. ಮರುದಿನ ನೋಡಿದ್ರ ಗುಟುಕು ಬಂದೇಬಿಟ್ಟೈತಿ! ನನ್ನ ಬದ್ಲಿ ಇನ್ನೊಬ್ಬಾವ್ನ ಇಟ್ಕೊಂಡಾರ ಅಂತ..." ಅವನು ತಲೆ ತಗ್ಗಿಸಿದ. "ಖರೇ ಹೇಳ್ತೀನಿ ಅಕ್ಕಾ, ಹೊಟ್ಟಿ ಉರೀತು. ಅಂವ ನನಗಿಂತ ಭಾಳ ಚಲೋ ಮಾಡಿದ್ದ. ಎಲ್ಲಿ ಹಿಡೀಬೇಕು ಅಂತ ನಾಕು ಸಲ ಕೇಳಿದೆ. ಒಂದ ಒಂದು ತಪ್ಪಿಲ್ರಿ."

ಅಂಜನಾ ಅವನ ಫೋನಿನ ಕಡೆ ಕೈ ಚಾಚಿದಳು. "ತೆಗಿ ಅದನ್ನ."

ಚನ್ನವೀರ ತನ್ನ ದೊಡ್ಡ ಹೆಡ್‌ಫೋನನ್ನು ಅವಳ ಕಿವಿಗೇರಿಸಿದ. ಸಾವಿರ ಪೀಜಿಗಳ ಬಿಟಿಎಂ ಒಮ್ಮೆಲೇ ಮಾಯವಾಯಿತು. ಕಿವಿಯೊಳಗೆ ಒಣಗಿದ ಗಂಟಲೊಂದು ಮಾತಾಡತೊಡಗಿತು.

‘ಪ್ರೀತಿಯ ಬಳಗವೇ, ಬಿಟ್ಟು ನೋಡಿ ಹಗುರಾಗ್ತೀರಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ...’ ಖಾಲಿಯಿಲ್ಲ. ಚಪ್ಪಾಳೆಗೆ ಜಾಗವಿಲ್ಲ. ಬೆಲ್ ಹೊಡೆಯುವ ಮುಂಚೆ ಮುಗಿಸುವ ಮೇಷ್ಟರ ಅವಸರ.

ಚನ್ನವೀರ ಹೊಟ್ಟೆಕಿಚ್ಚುಪಟ್ಟಿದ್ದು ಇನ್ನೊಬ್ಬ ಮಿಮಿಕ್ರಿಯವನ ಮೇಲಲ್ಲ. ಇದು ಸೋಮನಾಥರೇ ಮಾಡಿದ ಸ್ವತಃ ಸೋಮನಾಥ್. ಮೂರು ದಿನದ ಹಿಂದೆ ಆತ ಬದುಕಿದ್ದರು.

‘...ಆದರೆ ಇವತ್ತು ಮಾತ್ರ ಬೇರೆ ಹೇಳುತ್ತೇನೆ. ಇವತ್ತು ಸಿಟ್ಟು ಬಿಡಬೇಡಿ. ಬೈಯುತ್ತಿದ್ದರೆ ನಿಲ್ಲಿಸಬೇಡಿ. ಇನ್ನೂ ಸ್ವಲ್ಪ ಬೈಯಿರಿ. ದಯವಿಟ್ಟು, ಇನ್ನೂ ಸ್ವಲ್ಪ ಹೊತ್ತು.’

"ಬಳಗದವ್ರು ಇದನ್ನ ಕೇಳಿ ಹುಚ್ಚಾಗ್ಯಾರ‍್ರಿ," ಎಂದ ಚನ್ನವೀರ. "‘ಎಂಥಾ ಆಳ ಸರ್’ ಅಂತ ಕೈ ಮುಗಿದಿದ್ದ ಮುಗಿದಿದ್ದು."

ಅಂಜನಾಗೆ ಅವನ ಮಾತು ಕೇಳಿಸಲಿಲ್ಲ. ಸೋಮನಾಥರ ದನಿಯ ಹಿಂದೆ, ಬಹಳ ಹಿಂದೆ, ಬಹಳ ಕೆಳಗೆ, ಇನ್ನೇನೋ ಇತ್ತು. ಅವಳು ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಯಾರೋ ಹೆಂಗಸು. ಎತ್ತರದ ದನಿ. ಪದ ಹಿಡಿಯಲಾಗುತ್ತಿಲ್ಲ, ಏರಿಳಿತ ಮಾತ್ರ. ಆದರೆ ಏರಿಳಿತ ಹಿಡಿಯುವುದೇ ಅಂಜನಾಳ ಕಸುಬು. ಆ ಹೆಂಗಸು ಬೈಯುತ್ತಿದ್ದಳು.

ಹೆಡ್‌ಫೋನ್ ತೆಗೆದು ಶಿವಬಸಮ್ಮನವರ ತಲೆಗೆ ಹಾಕಿದಳು.

ಶಿವಬಸಮ್ಮ ಕೇಳಿದರು. ಹುಬ್ಬು ಗಂಟಾಯಿತು. ಸಡಿಲವಾಯಿತು. ತುಟಿಗಳು ತಾವಾಗಿ ಅಲುಗಿದವು, ಹಿಂದಿನ ಆ ದನಿಯ ಜೊತೆ ಜೊತೆಗೇ, ಪದಕ್ಕೆ ಪದ: "...ಪುಸ್ತಕ ಇಡೋ ಜಾಗಾನೋ ಇದು, ಹೆಗ್ಗಣ ಸಾಕೋ ಜಾಗಾನೋ? ದಡ ದಡ ಅಂತ ರಾತ್ರಿಯೆಲ್ಲಾ..."

ನಿಲ್ಲಿಸಿದರು.

"ಇದು ನಾನು," ಎಂದರು ಬಹಳ ಮೆಲ್ಲಗೆ. ಅಂಜನಾ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು. "ಬುಧವಾರ ಬೆಳಿಗ್ಗೆ ಮಹಾಂತೇಶ ಗೇಟಿಗೆ ಬಂದಿದ್ದ. ಹಿಡ್ಕೊಂಡು ಬೈದೆ. ಹೆಗ್ಗಣದ ವಿಷ್ಯಕ್ಕೆ. ಮೇಲಕ್ಕೆ ಹೋಗೋಕೂ ಬಿಡ್ಲಿಲ್ಲ ಅವನನ್ನ, ತುಂಬಾ ಹೊತ್ತು."

ಹೆಗ್ಗಣ. ದಡ್ ಎಂಬ ಸದ್ದು. ಬಲೆ ಕೋಲಿನಿಂದ ಎರಡು ಕುಟ್ಟು.

"ನನ್ ತಲೆ ಮೇಲೇ ಇದ್ರು," ಎಂದರು ಶಿವಬಸಮ್ಮ. "ಅವ್ರು ಮೇಲಿಂದ ಕುಟ್ತಾ ಇದ್ರು. ನಾನು ಕೋಲಲ್ಲಿ ಕುಟ್ಟಿ ಬಾಯಿ ಮುಚ್ಚಿಸ್ತಾ ಇದ್ದೆ. ಇನ್ನೂ ಸ್ವಲ್ಪ ಬೈಯಿ ಅಂದಿದ್ದು ನಂಗೆ. ನಂಗೆ ಹೇಳಿದ್ದು ಕಣೇ. ನಾನು ಕೇಳ್ದೇನೇ ಅಳಿಸಿ ಹಾಕ್ದೆ!"

ಅಂಜನಾ ಆಗಲೇ ಸ್ಕೂಟರಿನ ಕೀ ಕೈಗೆ ತೆಗೆದುಕೊಂಡಿದ್ದಳು. ಬಾಗಿಲಲ್ಲಿ ಕಾಲು ತಡೆಯಿತು. ಎಲ್ಲವೂ ಕೂಡಿಬಂದಿತ್ತು, ಒಂದನ್ನು ಬಿಟ್ಟು.

"ಆಂಟಿ, ಮಹಾಂತೇಶ ಕೆಳಗೆ ಗೇಟಲ್ಲಿ ನಿಮ್ ಹತ್ರ ಬೈಸ್ಕೋತಿದ್ದ. ಅದೇ ಹೊತ್ತಿಗೆ ಮೇಲೆ ನಿಮ್ಮೆಜಮಾನ್ರ ಬಾಯ್ಮುಂದೆ ಫೋನ್ ಹಿಡ್ಕೊಂಡಿದ್ದು ಯಾರು?"

ಶಿವಬಸಮ್ಮನವರ ಫೋನೂ ಚನ್ನವೀರನ ಫೋನೂ ಒಟ್ಟಿಗೆ ಟಣ್ ಎಂದವು.

ನೆಮ್ಮದಿ ಬಳಗ. ಹೊಸ ಗುಟುಕು. ಬೆಳಗಿನದಲ್ಲ, ಮಟಮಟ ಮಧ್ಯಾಹ್ನದ್ದು.

ಚನ್ನವೀರ ಎರಡೂ ಕೈಯೆತ್ತಿದ. "ನಂದಲ್ರಿ ಅಕ್ಕಾ. ಇಲ್ಲೇ ಕುಂತೀನಲ್ರಿ ನಿಮ್ಮ ಮುಂದ."

ಅಂಜನಾ ಚನ್ನವೀರನ ಫೋನಿನ ಮೇಲೆ ಬೆರಳಿಟ್ಟಳು.

‘ಪ್ರೀತಿಯ ಬಳಗವೇ, ನಾಳೆ ಹೇಳಬೇಕಾದದ್ದನ್ನು ಇವತ್ತೇ ಹೇಳುತ್ತಿದ್ದೇನೆ. ಇದು ನನ್ನ ಕೊನೆಯ ಮಾತು. ಎಲ್ಲ ಬಿಟ್ಟಿದ್ದೇನೆ ಹಗುರಾಗಿದ್ದೇನೆ ಯಾರೂ ನನ್ನನ್ನು ಹುಡುಕಬೇಡಿ.’

ಖಾಲಿಯಿಲ್ಲ. ಚಪ್ಪಾಳೆಗೆ ಜಾಗವಿಲ್ಲ.

ಅವರು ಮೂವರೂ ಫೋನಿನ ಮೇಲೆ ಬಗ್ಗಿ, ಆ ದನಿಯ ಹಿಂದೆ, ಕೆಳಗೆ, ಬೈಗುಳಕ್ಕಾಗಿ ಕಿವಿಗೊಟ್ಟರು. ಯಾರೂ ಬೈಯುತ್ತಿರಲಿಲ್ಲ. ಬೈಯಬೇಕಾದವರು ಬಿಟಿಎಂನಲ್ಲಿ ನಿಂತಿದ್ದರು, ಮನೆಯ ಕೀಲಿಕೈಯನ್ನು ಇನ್ನೊಬ್ಬರ ಮಡಿಲಿಗೆ ಎಸೆದು.

ಮೆಸೇಜಿನಲ್ಲಿ ಇನ್ನೂ ಕೆಲವು ಕ್ಷಣ ಬಾಕಿ ಇತ್ತು. ಸೋಮನಾಥರ ದನಿ ನಿಂತ ಮೇಲೆ, ಫೋನಿಗೆ ತೀರಾ ಹತ್ತಿರದಲ್ಲಿ, ಜೇನುತುಪ್ಪದಲ್ಲಿ ಅದ್ದಿ ತೆಗೆದಂಥ ಇನ್ನೊಂದು ದನಿ ಕೇಳಿಸಿತು.

‘ಉಸಿರು ಒಳಗೆ...’

ಹೊರಗೆ ಎನ್ನುವ ಮುಂಚೆ ಮೆಸೇಜು ಮುಗಿದಿತ್ತು.